ಬೊಗ್ಗುವಿನ ಬಾತ ಮೋರೆ

ಆಟಿ ತಿಂಗಳ ಮಳೆಯ ವಿಚಾರ ಮಂಗಳೂರಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಒಗೆದ ಬಟ್ಟೆ ಒಣಗದು. ಡಬ್ಬಿಯಲ್ಲಿಟ್ಟ ಹಪ್ಪಳ ಮೆತ್ತಗಾಗುವುದು. ಮನೆಮಂದಿಯ ಸ್ವಭಾವಕ್ಕೂ ಒಂದಿಷ್ಟು ಬೂಸಲು ಹಿಡಿಯುವುದು. ಕಳೆದ ವರ್ಷ ಅಂತಹುದೇ ಒಂದು ಶನಿವಾರದ ಬೆಳಗ್ಗೆ, ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ನಿಂತು ನನ್ನ ಶ್ರೀಮತಿ ಕೂಗಿಕೊಂಡಳು: “ಅಯ್ಯೋ, ಬೇಗ ಬನ್ನಿ! ಬೊಗ್ಗುವಿನ ಮೋರೆ ನೋಡಿ!”

ಬೊಗ್ಗು ನಮ್ಮ ಮನೆಯ ನಾಯಿ. ಒಂಬತ್ತು ತಿಂಗಳ ಪ್ರಾಯ, ಊರ ತಳಿ, ಕಂದು ಬಣ್ಣ, ಜಗತ್ತಿನಲ್ಲಿರುವ ಸಕಲ ವಸ್ತುಗಳನ್ನೂ ದೇವರು ಕಚ್ಚಿ ನೋಡುವ ಸಲುವಾಗಿಯೇ ಸೃಷ್ಟಿಸಿದ್ದಾನೆಂಬ ದೃಢವಾದ ನಂಬಿಕೆ. ಆ ಬೊಗ್ಗು ಅಂದು ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಮೋರೆಯ ಬಲಭಾಗವು ಬಾತು, ಬಲಗಣ್ಣು ಅರೆ ಮುಚ್ಚಿ, ಎಡದಿಂದ ನೋಡಿದರೆ ನಮ್ಮ ನಾಯಿಯಾಗಿಯೂ ಬಲದಿಂದ ನೋಡಿದರೆ ಯಾರದೋ ನಾಯಿಯಾಗಿಯೂ ಕಾಣುತ್ತಿತ್ತು. ಬಾಲವನ್ನು ಮಾತ್ರ ಎರಡು ಸಲ ಅಲ್ಲಾಡಿಸಿತು.

ಕೂಡಲೇ ಗೃಹಸಭೆ ಸೇರಿತು. “ದೃಷ್ಟಿ ತಾಗಿದೆ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ” ಎಂದು ನನ್ನ ತಾಯಿ ಅಪ್ಪಣೆ ಕೊಟ್ಟರು. “ಕಣಜ ಕಚ್ಚಿದ್ದು, ಸಂಜೆಗೆ ಇಳಿಯುತ್ತದೆ” ಎಂದು ಕಾಲೇಜಿಗೆ ಹೋಗುವ ಮಗನ ತೀರ್ಪು. “ಹಲ್ಲುನೋವೇ ಸರಿ; ನನಗೆ ಹೋದ ವರ್ಷ ಹೀಗೆಯೇ ಬಾತಿತ್ತು” ಎಂದಳು ಶ್ರೀಮತಿ. ಹತ್ತು ವರ್ಷದ ಮಗಳು ಬಾಗಿಲ ಸಂದಿನಲ್ಲಿ ನಿಂತು ಏನನ್ನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮನೆಯ ಯಜಮಾನನ ಗತ್ತಿನಿಂದ ಸಾರಿದೆ: “ಇದು ಕಲ್ಲಿನ ಪೆಟ್ಟು. ಹೊಡೆದವರು ಯಾರೆಂಬುದೂ ನನಗೆ ಗೊತ್ತು.”

ನನ್ನ ಸಂಶಯಕ್ಕೆ ಕಾರಣವಿತ್ತು. ನೆರೆಮನೆಯಲ್ಲಿರುವವರು ನಿವೃತ್ತ ಮಾಸ್ತರರು. ಆ ವಾರದ ಮೊದಲಲ್ಲಿ ಬೊಗ್ಗು ಅವರ ಒಂದು ಚಪ್ಪಲಿಯನ್ನು ತಂದು ನಮ್ಮ ತೆಂಗಿನ ಬುಡದಲ್ಲಿ ಅದರ ಉತ್ತರಕ್ರಿಯೆಯನ್ನು ಮಾಡಿತ್ತು. “ನಾಯಿಯನ್ನು ಕಟ್ಟಿ ಹಾಕಿ ಮಾರಾಯರೇ. ಇಲ್ಲವಾದರೆ ಒಂದು ದಿನ ಯಾರಾದರೂ ಕಲ್ಲು ಹೊಡೆದಾರು” ಎಂದು ಅವರು ಆಗ ಹೇಳಿದ್ದರು. ಆ ಮಾತು ನನ್ನ ಕಿವಿಯಲ್ಲಿ ಉಳಿದಿತ್ತು. ನಾನು ಕೊಡೆಯನ್ನೂ ಹಿಡಿಯದೆ ಪಾಗಾರದ ಬಳಿಗೆ ಹೋಗಿ, ಅವರನ್ನು ಕರೆದು, ಮೂಕಪ್ರಾಣಿಯ ಮೇಲೆ ಕೈಮಾಡುವುದು ವಿದ್ಯೆ ಕಲಿಸಿದವರಿಗೆ ಭೂಷಣವೇ ಎಂದು ಕೇಳಿದೆ. ಇನ್ನೂ ಕೆಲವು ಮಾತುಗಳನ್ನು ಆಡಿದೆ. ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವರು ಕನ್ನಡಕವನ್ನು ತೆಗೆದು ಒರಸಿಕೊಂಡು, “ನಾನು ಹೊಡೆಯಲಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಗೆದ್ದವನಂತೆ ಒದ್ದೆಯಾಗಿ ಮರಳಿದೆ.

ಇತ್ತ ಶ್ರೀಮತಿಯು ತನ್ನ ಹಲ್ಲುನೋವಿಗೆ ತಂದ ಐಬುಪ್ರೊಫೆನ್ ಮಾತ್ರೆಯನ್ನು ಪುಡಿಮಾಡಿ ಇಡ್ಲಿಯೊಳಗೆ ಸೇರಿಸುತ್ತಿದ್ದಳು. ಮಗನಿಗೆ ಏನು ಹೊಳೆಯಿತೋ, ಪಶುವೈದ್ಯರಿಗೆ ಫೋನು ಮಾಡಿ ಕೇಳಿದ. ಆ ಕಡೆಯಿಂದ ಬಂದ ಉತ್ತರ ಅಡುಗೆಮನೆಯವರೆಗೂ ಕೇಳಿಸಿತು: “ಕೊಡಬೇಡಿ! ಏನನ್ನೂ ಕೊಡದೆ ಕರೆದುಕೊಂಡು ಬನ್ನಿ!” ಮನುಷ್ಯರ ನೋವನ್ನು ಕಳೆಯುವ ಈ ಮಾತ್ರೆಯು ನಾಯಿಯ ಜಠರದಲ್ಲಿ ಹುಣ್ಣನ್ನೆಬ್ಬಿಸಿ ಮೂತ್ರಪಿಂಡಗಳನ್ನು ಕೆಡಿಸಬಲ್ಲುದೆಂದೂ, ಬೆಕ್ಕಿಗಾದರೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಪ್ರಾಣಾಂತಿಕವಾಗಬಹುದೆಂದೂ ಆಮೇಲೆ ತಿಳಿಯಿತು. ಆ ಇಡ್ಲಿಯು ಕಸದ ಬುಟ್ಟಿಗೆ ಹೋಯಿತು. ನಾವು ರಿಕ್ಷಾ ಹತ್ತಿದೆವು.

ವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿತವರು. ಅವರು ಸೂಜಿಯನ್ನಾಗಲಿ ಔಷಧವನ್ನಾಗಲಿ ಕೈಗೆತ್ತಿಕೊಳ್ಳುವರೆಂದು ನಾನು ಕಾದಿದ್ದರೆ, ಅವರು ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡರು. “ಬಾವು ಎಂಬುದು ರೋಗದ ಹೆಸರಲ್ಲ. ಒಳಗೆ ಏನೋ ಆಗಿದೆ ಎಂದು ಹೇಳುವ ಗುರುತು ಮಾತ್ರ. ಏನಾಗಿದೆ ಎಂದು ನಾಯಿ ಹೇಳುವುದಿಲ್ಲ. ಆದುದರಿಂದ ನೀವು ಹೇಳಬೇಕು” ಎಂದರು.

ಮೊದಲ ಪ್ರಶ್ನೆ: ಆರಂಭವಾದುದು ಯಾವಾಗ? “ಇಂದು ಬೆಳಗ್ಗೆ” ಎಂದೆ ನಾನು. “ನಿನ್ನೆ ರಾತ್ರಿಯ ಅನ್ನವನ್ನು ಅರ್ಧಕ್ಕೇ ಬಿಟ್ಟಿತ್ತು” ಎಂದಳು ಶ್ರೀಮತಿ. “ಮೊನ್ನೆ ಸಂಜೆ ಚೆಂಡನ್ನು ಹಿಡಿಯಲು ಬಂದು, ಬಾಯಿ ಹಾಕದೆ ಹಿಂದಕ್ಕೆ ಹೋಯಿತು” ಎಂದ ಮಗ. ಇಂದಿನ ಕಾಯಿಲೆ ನೋಡನೋಡುತ್ತಿದ್ದಂತೆ ಮೂರು ದಿನ ಹಳೆಯದಾಯಿತು.

“ಹಾಗಾದರೆ ಕಣಜದ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಯಿತು” ಎಂದರು ವೈದ್ಯರು. ಕಣಜವೋ ಜೇನೋ ಕಚ್ಚಿದರೆ ತುಟಿ, ರೆಪ್ಪೆಗಳು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಬಾಯುತ್ತವೆ. ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಇಳಿಯುತ್ತವೆ. ಮೂರು ದಿನ ಮೆಲ್ಲಮೆಲ್ಲನೆ ಏರುವುದು ಅದರ ರೀತಿಯಲ್ಲ.

ಈ ಕಚ್ಚುವಿಕೆಯ ವಿಷಯವನ್ನು ಲೋಕಕ್ಕೆ ಕಲಿಸಿದುದರಲ್ಲಿಯೂ ನಾಯಿಗಳ ಪಾಲಿದೆ. 1901ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೋಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಮೊನಾಕೊದ ರಾಜ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಪ್ರಯಾಣಿಸುತ್ತ, ಮುಟ್ಟಿದರೆ ಉರಿಯೆಬ್ಬಿಸುವ ಕಡಲ ಜೀವಿಗಳ ವಿಷವನ್ನು ಅಭ್ಯಸಿಸತೊಡಗಿದರು. ಊರಿಗೆ ಮರಳಿದ ಮೇಲೆ ಅಂತಹುದೇ ವಿಷವನ್ನು ಅಲ್ಪ ಪ್ರಮಾಣದಲ್ಲಿ ನಾಯಿಗಳಿಗೆ ಚುಚ್ಚಿ ನೋಡಿದರು. ನೆಪ್ಚೂನ್ ಎಂಬ ನಾಯಿ ಮೊದಲ ಸಲ ಅದನ್ನು ತಾಳಿಕೊಂಡಿತು. ಕೆಲವು ವಾರಗಳ ಬಳಿಕ ಮತ್ತೆ ಅಷ್ಟೇ ಅಲ್ಪ ವಿಷವನ್ನು ಕೊಟ್ಟಾಗ ಅರ್ಧ ಗಂಟೆಯೊಳಗೆ ಪ್ರಾಣ ಬಿಟ್ಟಿತು. ಒಮ್ಮೆ ಪರಿಚಯವಾದ ವಿಷವನ್ನು ಶರೀರವು ಎರಡನೆಯ ಸಲ ಇಮ್ಮಡಿ ರೋಷದಿಂದ ಎದುರಿಸಿ ತನಗೆ ತಾನೇ ಶತ್ರುವಾಗುವುದುಂಟೆಂದು ಹೀಗೆ ತಿಳಿದುಬಂತು. ಇದಕ್ಕೆ 1902ರಲ್ಲಿ ಅನಾಫಿಲಾಕ್ಸಿಸ್ ಎಂಬ ಹೆಸರು ಬಂತು. ರಿಶೆಯವರಿಗೆ 1913ರಲ್ಲಿ ನೊಬೆಲ್ ಬಹುಮಾನವೂ ಬಂತು. ಕಣಜ ಕಚ್ಚಿದ ನಾಯಿಗೆ ಉಸಿರು ಕಟ್ಟಿದರೆ ಅಥವಾ ಅದು ವಾಂತಿ ಮಾಡಿ ಕುಸಿದರೆ, ಸಂಜೆಯವರೆಗೆ ಕಾಯಲಾಗದೆಂಬುದಕ್ಕೆ ನೆಪ್ಚೂನ್ ಸಾಕ್ಷಿ.

ಎರಡನೆಯ ಪ್ರಶ್ನೆ: ಒಂದು ಬದಿಯೋ, ಎರಡು ಬದಿಯೋ? ನಾಲ್ಕು ತಿಂಗಳೊಳಗಿನ ಮರಿಗಳಿಗೆ ಕೆಲವೊಮ್ಮೆ ಮೂತಿ, ರೆಪ್ಪೆ, ಕಿವಿಗಳೆಲ್ಲ ಎರಡು ಕಡೆಯೂ ಬಾತು, ಗಂಟಲ ಕೆಳಗಿನ ಗಂಟುಗಳು ಉಬ್ಬುವ ಒಂದು ಕಾಯಿಲೆಯುಂಟು. ಅದು ಸೋಂಕಲ್ಲ, ಶರೀರದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿದುದು. ಅದಕ್ಕೆ ಸ್ಟೀರಾಯ್ಡ್ ಔಷಧ ಬೇಕು. ಅದೇ ಔಷಧವನ್ನು ಕೀವು ತುಂಬಿದ ಬಾವಿಗೆ ಕೊಟ್ಟರೆ ಸೋಂಕಿಗೆ ಬಾಗಿಲು ತೆರೆದು ಕೊಟ್ಟಂತೆ. “ಹೊರಗಿನಿಂದ ಎರಡೂ ಬಾತ ಮೋರೆಯೇ. ಇದಕ್ಕಾಗಿಯೇ ಕಾರಣ ತಿಳಿಯದೆ ಔಷಧ ಕೊಡಬಾರದು ಎನ್ನುವುದು” ಎಂದರು ವೈದ್ಯರು. ಬೊಗ್ಗುವಿಗೆ ಒಂಬತ್ತು ತಿಂಗಳು. ಬಾತುದು ಒಂದೇ ಬದಿ. ಆ ಹೆಸರಿಗೂ ಅವರು ಗೀಟು ಹಾಕಿದರು.

ಮೂರನೆಯ ಪ್ರಶ್ನೆಗೆ ನಮ್ಮೆಲ್ಲರ ಎದೆಯೂ ನಡುಗಿತು. “ಮನೆಯ ಸುತ್ತ ಹೆಂಚಿನ ರಾಶಿ, ಸೌದೆ, ಹುಲ್ಲು ಇದೆಯೇ?” ಮೂರೂ ಇತ್ತು. ಹಾವನ್ನು ಕಂಡಾಗ ನಾಯಿಯು ಕಾಲಿನಿಂದಲ್ಲ, ಮೂಗಿನಿಂದ ವಿಚಾರಿಸಹೋಗುತ್ತದೆ. ಆದುದರಿಂದಲೇ ಕಡಿತವು ಅನೇಕ ಸಲ ಮೋರೆಗೆ ಬೀಳುತ್ತದೆ. ಮಂಡಲದ ಹಾವಿನ ವಿಷವು ಸುತ್ತಲಿನ ಮಾಂಸವನ್ನು ಬಾಯಿಸುವುದಲ್ಲದೆ, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನೆಲ್ಲ ಖರ್ಚುಮಾಡಿ ಬಿಡುತ್ತದೆ. ಈ ಹಾವಿಗೆ ಇಂಗ್ಲಿಷರು ಯಾರ ಹೆಸರನ್ನಿಟ್ಟರೋ ಆ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಭಾರತದ ಹಾವುಗಳ ಮೇಲಿನ ತನ್ನ ಗ್ರಂಥವನ್ನು 1796ರಲ್ಲಿ ಹೊರತಂದ. ವಿಷದ ಬಲವನ್ನು ತಿಳಿಯಲು ಆತ ಪರೀಕ್ಷಿಸಿದುದೂ ಕೋಳಿ ಮತ್ತು ನಾಯಿಗಳ ಮೇಲೆಯೇ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಕಾಗಿಲ್ಲವೆಂಬುದು ನನಗೆ ಅಂದು ತಿಳಿಯಿತು. ವೈದ್ಯರು ಬೊಗ್ಗುವಿನ ಮುಂಗಾಲಿನಿಂದ ಸುಮಾರು 2 ಮಿಲಿಲೀಟರ್ ರಕ್ತವನ್ನು ತೆಗೆದು, ಶುಚಿಯಾದ ಒಣ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಾಡದಂತೆ ಮೇಜಿನ ಮೇಲೆ ನಿಲ್ಲಿಸಿ, ಗಡಿಯಾರ ನೋಡಿದರು. “ಇಪ್ಪತ್ತು ನಿಮಿಷ. ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟಿದ್ದರೆ ಸರಿ. ನೀರಿನ ಹಾಗೆ ಹರಿದರೆ ಮಂಡಲದ ಹಾವೆಂದು ತಿಳಿದು ಪ್ರತಿವಿಷ ಕೊಡಬೇಕು.”

ಜೀವನದಲ್ಲಿ ನಾನು ಅನೇಕ ಕಡೆ ಇಪ್ಪತ್ತು ನಿಮಿಷ ಕಾದದ್ದುಂಟು. ಬಸ್ಸಿಗೆ ಕಾದಿದ್ದೇನೆ, ಸಾಹೇಬರಿಗೆ ಕಾದಿದ್ದೇನೆ. ಒಂದು ಬೆರಳುದ್ದದ ಗಾಜಿನ ನಳಿಗೆಯನ್ನು ನೋಡುತ್ತ ಕಾದುದು ಅದೊಂದೇ ಸಲ. ಹೊರಗೆ ಮಳೆ ಸುರಿಯುತ್ತಿತ್ತು. ಬೊಗ್ಗು ತನ್ನ ಬಾತ ಮೋರೆಯನ್ನು ಮಗಳ ಮಡಿಲಲ್ಲಿಟ್ಟು ಮಲಗಿತ್ತು. ಅವಳು ಏಕೋ ಬೆಳಗ್ಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ. ಇಪ್ಪತ್ತು ನಿಮಿಷಗಳ ಬಳಿಕ ವೈದ್ಯರು ನಳಿಗೆಯನ್ನು ಓರೆ ಮಾಡಿದರು. ರಕ್ತ ಹರಿಯಲಿಲ್ಲ, ಗಟ್ಟಿಯಾಗಿ ತಳವನ್ನು ಹಿಡಿದು ನಿಂತಿತ್ತು. ನಾಗರಹಾವಿನ ವಿಷವಾದರೆ ಈ ಪರೀಕ್ಷೆಗೆ ಸಿಕ್ಕದು. ಅದು ನರಗಳನ್ನು ಹಿಡಿಯುವಂತಹುದು. ಆದರೆ ಬೊಗ್ಗುವಿನ ಎಡಗಣ್ಣಿನ ರೆಪ್ಪೆ ಜೋತಿರಲಿಲ್ಲ, ಉಸಿರಾಟ ಸರಿಯಿತ್ತು, ಕಾಲುಗಳಲ್ಲಿ ಬಲವಿತ್ತು. ಎಲ್ಲಿಯೂ ಹಲ್ಲಿನ ಗುರುತಿರಲಿಲ್ಲ. ಹಾವಿನ ಹೆಸರಿಗೂ ಗೀಟು ಬಿತ್ತು. ಕಲ್ಲಿನ ಪೆಟ್ಟಿನ ಗಾಯವಾಗಲಿ ಮುರಿದ ಎಲುಬಾಗಲಿ ಕೈಗೆ ಸಿಗಲಿಲ್ಲ. ಆ ಗೀಟನ್ನು ಅವರು ಹಾಕುವಾಗ ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಜ್ವರ ನೋಡಿದರು: 104 ಡಿಗ್ರಿ. ಆರೋಗ್ಯವಂತ ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಎಂದರೆ ಒಳಗೆಲ್ಲೋ ಸೋಂಕಿದೆ. ಹಾಗಾದರೆ ಶ್ರೀಮತಿಯ ಮಾತೇ ನಿಜವೇ? ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲಿಗೆ ಮೂರು ಬೇರುಗಳು. ಅವು ಕಣ್ಣಿನ ಕೆಳಗಿನವರೆಗೆ ಚಾಚಿರುತ್ತವೆ. ಅಲ್ಲಿ ಕೀವಾದರೆ ಕಣ್ಣಿನ ಕೆಳಗೆ ಕೆನ್ನೆ ಉಬ್ಬುತ್ತದೆ. ಆದರೆ ಅದು ಹೆಚ್ಚಾಗಿ ಪ್ರಾಯವಾದ ನಾಯಿಗಳ, ಅಥವಾ ಗಟ್ಟಿ ಎಲುಬನ್ನು ಕಡಿದು ಹಲ್ಲು ಸೀಳಿಕೊಂಡವುಗಳ ಕಷ್ಟ. ಬೊಗ್ಗುವಿನ ಬಾವು ಕಣ್ಣಿನ ಕೆಳಗೆ ಮಾತ್ರವಲ್ಲ, ಸುತ್ತಲೂ ಇತ್ತು. “ಮೇಲಿನಿಂದ ನೋಡಿ” ಎಂದರು ವೈದ್ಯರು. ತಲೆಯ ಮೇಲಿನಿಂದ ನೋಡಿದರೆ ಬಲಗಣ್ಣಿನ ಗುಡ್ಡೆಯು ಎಡಗಣ್ಣಿಗಿಂತ ಮುಂದಕ್ಕೆ ಬಂದಿದೆ! ಒಳಮೂಲೆಯಿಂದ ಮೂರನೆಯ ರೆಪ್ಪೆಯೂ ಅರ್ಧದವರೆಗೆ ಎದ್ದಿದೆ. “ಕಣ್ಣನ್ನು ಹಿಂದಿನಿಂದ ಏನೋ ತಳ್ಳುತ್ತಿದೆ” ಎಂದರು.

ಬಾಯಿಯನ್ನು ಮುಟ್ಟುವ ಮೊದಲು ಇನ್ನೊಂದು ಪ್ರಶ್ನೆ: “ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆಯೇ?” ಆಗಿತ್ತು, ಚೀಟಿಯೂ ನಮ್ಮ ಬಳಿ ಇತ್ತು. ವಾಚಕರು ಇದನ್ನು ಮರೆಯಬಾರದು. ಬಾಯಿ ಮುಚ್ಚಲಾರದೆ ಜೊಲ್ಲು ಸುರಿಸುವ ನಾಯಿಯನ್ನು ಕಂಡು “ಎಲುಬು ಸಿಕ್ಕಿಕೊಂಡಿದೆ” ಎಂದು ಮರುಕದಿಂದ ಬಾಯೊಳಗೆ ಕೈಹಾಕಿದವರು, ಆಮೇಲೆ ಅದು ಹುಚ್ಚುನಾಯಿ ರೋಗವೆಂದು ತಿಳಿದು ಆಸ್ಪತ್ರೆಗೆ ಓಡಬೇಕಾದುದುಂಟು. ಚುಚ್ಚುಮದ್ದಾಗದ ನಾಯಿಯ ಬಾಯಿಯನ್ನು ನೋಡುವ ಕೆಲಸ ಮನೆಯವರದಲ್ಲ.

ವೈದ್ಯರು ಬೊಗ್ಗುವಿನ ದವಡೆಯನ್ನು ಮೆಲ್ಲನೆ ತೆರೆಯಹೋದರು. ಅಲ್ಲಿಯವರೆಗೆ ಸೂಜಿಗೂ ಸುಮ್ಮನಿದ್ದ ನಾಯಿ ಚೀರಿದ ಚೀರಿಗೆ ಪಕ್ಕದ ಕೋಣೆಯ ಬೆಕ್ಕೊಂದು ಬುಟ್ಟಿಯ ಸಮೇತ ಹಾರಿತು. ವೈದ್ಯರ ಮುಖ ಮಾತ್ರ ಅರಳಿತು. “ಸಿಕ್ಕಿತು” ಎಂದರು.

ಅದರ ಮರ್ಮವೇನೆಂದರೆ, ನಮ್ಮ ಕಣ್ಣಿನ ಕುಳಿಗೆ ಕೆಳಗೆ ಎಲುಬಿನ ನೆಲವುಂಟು. ನಾಯಿಗೆ ಅದು ಪೂರ್ತಿಯಾಗಿಲ್ಲ. ಮೇಲ್ದವಡೆಯ ಕೊನೆಯ ಹಲ್ಲಿನ ಹಿಂದೆ, ಬಾಯಿಗೂ ಕಣ್ಣಿನ ಕುಳಿಗೂ ನಡುವೆ ಇರುವುದು ಮೆತ್ತನೆಯ ಮಾಂಸ ಮಾತ್ರ. ಅಲ್ಲಿಗೆ ಏನಾದರೂ ಚೂಪಾದುದು ಚುಚ್ಚಿದರೆ ನೇರವಾಗಿ ಕಣ್ಣಿನ ಹಿಂಭಾಗಕ್ಕೆ ಹೋಗಿ ಕೂರುತ್ತದೆ. ಕೀವು ತುಂಬಿ ಕಣ್ಣನ್ನು ಹೊರತಳ್ಳುತ್ತದೆ. ಬಾಯಿ ತೆರೆದಾಗ ಕೆಳದವಡೆಯ ಹಿಂಬದಿಯ ಎಲುಬು ಮುಂದಕ್ಕೆ ಬಂದು ಅದೇ ಕೀವಿನ ಚೀಲವನ್ನು ಒತ್ತುತ್ತದೆ. ಚೆಂಡನ್ನು ಹಿಡಿಯದೆ ಹಿಂದಕ್ಕೆ ಹೋದುದೂ, ಅನ್ನವನ್ನು ಅರ್ಧಕ್ಕೆ ಬಿಟ್ಟುದೂ ಹಸಿವಿಲ್ಲದೆ ಅಲ್ಲ, ಬಾಯಿ ತೆರೆಯಲಾರದೆ. ಕಡ್ಡಿ ಕೋಲುಗಳನ್ನು ಅಗಿಯುವ ಎಳೆಯ ನಾಯಿಗಳಲ್ಲಿ ಇದು ಅಪರೂಪವೇನಲ್ಲವಂತೆ.

“ಎಕ್ಸ್‌ರೇ ತೆಗೆಯಬಾರದೇ?” ಎಂದ ಮಗ. “ಎಲುಬು, ಕಬ್ಬಿಣ ಆದರೆ ಕಾಣುತ್ತದೆ. ಕಡ್ಡಿ, ಮರದ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ” ಎಂದು ಹೇಳಿ ವೈದ್ಯರು ಬೊಗ್ಗುವಿಗೆ ಅರಿವಳಿಕೆ ಕೊಟ್ಟರು. ಕೊನೆಯ ಹಲ್ಲಿನ ಹಿಂದೆ ಕೆಂಪಗೆ ಉಬ್ಬಿದ ಜಾಗವಿತ್ತು. ಅಲ್ಲಿ ಸಣ್ಣದಾಗಿ ಕೊಯ್ದು ದಾರಿ ಮಾಡಿದೊಡನೆ ಕೀವು ಹರಿದು ಬಂತು. ಕೀವಿನ ಹಿಂದೆ ಇಕ್ಕಳಕ್ಕೆ ಸಿಕ್ಕಿ ಹೊರಬಂದುದು ಒಂದೂವರೆ ಅಂಗುಲದ ಕಪ್ಪು ಕಡ್ಡಿ. ತೊಳೆದು ಹತ್ತಿಯ ಮೇಲಿಟ್ಟು ತೋರಿಸಿದರು. ಯಾರೂ ಗುರುತು ಹೇಳಬೇಕಾಗಲಿಲ್ಲ. ಪ್ರತಿದಿನ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿ.

ಮಗಳು ಗಳಗಳನೆ ಅಳತೊಡಗಿದಳು. ಬುಧವಾರ ಬೊಗ್ಗು ಹಿಡಿಸೂಡಿಯನ್ನು ಎಳೆದುಕೊಂಡು ಓಡಿತಂತೆ. ಇವಳು ಬೆನ್ನಟ್ಟಿ ಎಳೆದಾಗ ಒಮ್ಮೆ ಕುಂಯ್ ಎಂದಿತಂತೆ. ಮುರಿದ ಹಿಡಿಸೂಡಿಯನ್ನು ಕಂಡರೆ ಅಜ್ಜಿ ಬೈದಾರೆಂದು ಬಚ್ಚಲ ಒಲೆಯ ಹಿಂದೆ ಅಡಗಿಸಿಟ್ಟಿದ್ದಳು.

“ಬೆಳಗ್ಗೆಯೇ ಏಕೆ ಹೇಳಲಿಲ್ಲ ಮಗಾ?” ಎಂದೆ.

“ಹೇಳಲಿಕ್ಕೆ ಬಂದೆ ಅಪ್ಪ. ನೀವು ಮಾಸ್ಟ್ರು ಕಲ್ಲು ಹೊಡೆದದ್ದು ಅಂತ ಹೇಳಿದ್ರಲ್ಲ. ಹಾಗಾದರೆ ಹಿಡಿಸೂಡಿಯಿಂದ ಆದದ್ದಲ್ಲ ಅಂತ ನಾನು ಸುಮ್ಮನಾದೆ.”

ವೈದ್ಯರು ಔಷಧದ ಚೀಟಿಯನ್ನು ಬರೆಯುವುದರಲ್ಲಿ ಮಗ್ನರಾದಂತೆ ನಟಿಸಿದರು. ಅವರು ಬಹಳ ಸಜ್ಜನರು.

ಆ ಸಂಜೆ ನಾನು ಕೊಡೆ ಹಿಡಿದು, ಪಾಗಾರದ ಬಳಿಯಲ್ಲಿ ನಿಲ್ಲದೆ, ಎದುರಿನ ಬಾಗಿಲಿನಿಂದಲೇ ಮಾಸ್ತರರ ಮನೆಗೆ ಹೋದೆ. ದಾರಿಯಲ್ಲಿ ಕಟ್ಟಿಕೊಂಡಿದ್ದ ಕ್ಷಮಾಪಣೆಯ ವಾಕ್ಯಗಳೆಲ್ಲ ಬಾಗಿಲು ತೆರೆದೊಡನೆ ಮರೆತುಹೋದವು. ಅವರು ಕೇಳಿದುದು ಒಂದೇ: “ನಾಯಿ ಏನಾದರೂ ತಿಂದಿತೇ?” ಗಂಜಿ ಕುಡಿಯಿತೆಂದೆ. ನಡೆದುದನ್ನೆಲ್ಲ ಹೇಳಿ, ತಪ್ಪಾಯಿತೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬುಧವಾರ ಸಂಜೆ ನಾಯಿ ಕೂಗಿದ್ದು ನನಗೆ ಜಗಲಿಗೆ ಕೇಳಿಸಿತ್ತು. ಮಗು ಹಿಡಿಸೂಡಿ ಎಳೆಯುತ್ತಿದ್ದದ್ದನ್ನೂ ನೋಡಿದ್ದೆ. ನೀವು ಕೇಳಿದ್ದರೆ ಹೇಳುತ್ತಿದ್ದೆ. ನೀವು ಕೇಳಲಿಲ್ಲ ಮಾರಾಯರೇ. ನೀವು ಹೇಳಿದಿರಿ.”

ವೈದ್ಯರು ಮಾಡಿದ ಕೆಲಸಕ್ಕೂ ನಾನು ಒಂದು ನಿಮಿಷದಲ್ಲಿ ಮಾಡಿದ ಕೆಲಸಕ್ಕೂ ಇದ್ದ ಅಂತರ ಅಷ್ಟೇ. ಅವರು ಹುಡುಕಿದುದು ಕಾರಣವನ್ನು. ನಾನು ಹುಡುಕಿದುದು ಅಪರಾಧಿಯನ್ನು. ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಪಾಗಾರದ ಎರಡು ಬದಿಗಳಲ್ಲಿ ಸಿದ್ಧರಾಗಿ ನಿಂತಿರಲು, ಇಬ್ಬರ ಬಾಯಿಯನ್ನೂ ನಾನೇ ಮುಚ್ಚಿಸಿದ್ದೆ.

ನಾಯಿ ಸಾಕಿರುವ ವಾಚಕರ ಉಪಯೋಗಕ್ಕಾಗಿ ವೈದ್ಯರ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನಾಯಿಯ ಮೋರೆ ಬಾತರೆ ಮೊದಲು ಬರೆದಿಡಿ: ಎಂದಿನಿಂದ, ಎಷ್ಟು ಬೇಗ, ಒಂದು ಬದಿಯೋ ಎರಡೋ, ತಿನ್ನುತ್ತದೆಯೋ, ಹಿಂದಿನ ವಾರದಲ್ಲಿ ಏನನ್ನು ಅಗಿಯಿತು, ಚುಚ್ಚುಮದ್ದು ಎಂದು ಆಯಿತು. ಮನೆಯ ಮಕ್ಕಳನ್ನು, ಕೆಲಸಕ್ಕೆ ಬರುವವರನ್ನು, ನೆರೆಯವರನ್ನು ಕೇಳಿ, ಬೈಯದೆ ಕೇಳಿ. ಬಾವನ್ನು ಹಿಸುಕಬೇಡಿ, ನಿಮ್ಮ ಮಾತ್ರೆಗಳನ್ನು ಕೊಡಬೇಡಿ. ಉಸಿರು ಕಷ್ಟವಾದರೆ, ಒಸಡು ಬಿಳಿಚಿದರೆ, ರಕ್ತ ನಿಲ್ಲದಿದ್ದರೆ, ನಾಯಿ ತೂರಾಡಿದರೆ, ಕಣ್ಣು ಮುಂದಕ್ಕೆ ಬಂದಂತೆ ಕಂಡರೆ, ನಾಳೆಗೆಂದು ಬಿಡದೆ ಆ ಕ್ಷಣವೇ ಹೊರಡಿ.

ಬೊಗ್ಗುವಿನ ಬಾವು ಮೂರನೆಯ ದಿನಕ್ಕೆ ಇಳಿಯಿತು. ಹತ್ತು ದಿನ ಔಷಧವನ್ನು ತೆಗೆದುಕೊಂಡು ಮೊದಲಿನಂತಾಯಿತು. ಹಿಡಿಸೂಡಿಯು ಈಗ ಎತ್ತರದ ಮೊಳೆಗೆ ತೂಗುತ್ತಿದೆ. ಮಾಸ್ತರರು ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳುವುದುಂಟು. ಬರುವಾಗ ಚಪ್ಪಲಿಯನ್ನು ಮೆಟ್ಟಲ ಬಳಿ ಬಿಡದೆ, ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತಾರೆ.